ಸಾ, ನೀವು ಔಟು

“ಅತ್ತೆ, ಒಂದು ಮಾತು ಕೇಳ್ತೀನಿ, ಬೈಬಾರದು. ನನ್ನ ಕ್ಲಾಸಲ್ಲಿ ಒಂದು ಹುಡುಗಿ ಇದಾಳೆ. ನೂರು ಸಲ ಹೇಳಿದೀನಿ, ತಲೆಗೇ ಹತ್ತಲ್ಲ. ಅವಳನ್ನ ಬಿಟ್ಟು ಮಿಕ್ಕ ಮಕ್ಕಳನ್ನ ಕರ್ಕೊಂಡು ಮುಂದಕ್ಕೆ ಹೋದ್ರೆ ತಪ್ಪಾ?”

ಕೇಳಿದವಳು ಹೇಮಾವತಿ. ಪ್ರೈಮರಿ ಸ್ಕೂಲಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡೋ ಟೀಚರ್. ಕೇಳಿಸ್ಕೊಂಡವಳು ಹೊಲಿಗೆ ದೇವೀರಮ್ಮ. ಅವಳು ಓದಿದ್ದು ಮೂರನೇ ಕ್ಲಾಸು. ಆದ್ರೆ ಆ ಬೀದಿಯ ಮೂರು ತಲೆಮಾರಿನ ಹೆಣ್ಣುಮಕ್ಕಳಿಗೆ ಕತ್ತರಿ ಹಿಡಿಯೋದು ಕಲಿಸಿದ ಕೈ ಅದು. ಹೇಮಾವತಿಯೂ ಹನ್ನೆರಡನೇ ವಯಸ್ಸಲ್ಲಿ ಅವಳ ಮುಂದೆ ಕೂತು ಕಾಜಾ ಹಾಕೋದು ಕಲಿತವಳೇ. ಇವತ್ತು ರವಿಕೆಗೆ ಹುಕ್ಕು ಹಾಕಿಸೋಕೆ ಬಂದಿದ್ಲು. ರವಿಕೆಗಿಂತ ಮುಂಚೆ ಬಾಯಿಗೆ ಹುಕ್ಕು ಬೇಕಾಗಿತ್ತು, ಬಂದಾಗಿಂದ ಅಷ್ಟು ಮಾತು.

“ಏನು ಹೇಳಿಕೊಡ್ತೀಯ ಅವಳಿಗೆ?”

“ಕೋಡಿಂಗ್ ಅತ್ತೆ, ನಾಲ್ಕನೇ ಕ್ಲಾಸಿಗೆ. ಕಂಪ್ಯೂಟರಲ್ಲಿ ಒಂದು ಗಿಣಿ ಇರುತ್ತೆ. ಅದು ಎಷ್ಟು ಹೆಜ್ಜೆ ಹೋಗ್ಬೇಕು, ಎಲ್ಲಿ ತಿರುಗ್ಬೇಕು, ಎಲ್ಲ ನಾವು ಒಂದೊಂದಾಗಿ ಹೇಳ್ಬೇಕು. ಹೇಳಿದಂಗೆ ಅದು ನಡೆಯುತ್ತೆ. ಮಿಕ್ಕೋರೆಲ್ಲ ಗಿಣೀನ ಮರ ಮುಟ್ಟಿಸಿ ಎರಡು ವಾರ ಆಯ್ತು. ಇವಳ ಗಿಣಿ ಇದ್ದಲ್ಲೇ ಗಿರಗಿರ ಸುತ್ತುತ್ತೆ.”

“ದಡ್ಡತನ ಗಿಣೀದೋ, ಹುಡುಗೀದೋ?”

“ಹುಡುಗೀದೇ ಅತ್ತೆ. ನಾನಂತೂ ನೂರು ಸಲ…”

“ಕೇಳಿಸ್ತು. ನೂರು ಸಲ.” ದೇವೀರಮ್ಮ ಸೂಜಿಗೆ ದಾರ ಪೋಣಿಸಿದ್ಲು. “ಒಂದು ಕತೆ ಹೇಳ್ತೀನಿ. ಊರ ಹೆಸರು ಹೇಳಲ್ಲ, ಜನದ ಹೆಸರೂ ಹೇಳಲ್ಲ. ಎಲ್ಲ ಬದುಕೇ ಇದಾರೆ, ನಿನ್ನ ಬಾಯಿ ಎಂಥದ್ದು ಅಂತ ನಂಗೊತ್ತು. ಮಗೂಗೆ ಮಾತ್ರ ಕೆಂಪಿ ಅಂತ ಇಟ್ಕೊ.”

ಹೇಮಾವತಿ ಕಾಲು ಮಡಿಸ್ಕೊಂಡು ಕೂತ್ಲು. ದೇವೀರಮ್ಮ ಕತೆ ಶುರು ಮಾಡಿದ್ಲು.

ಒಂದೂರಿನ ಸ್ಕೂಲಲ್ಲಿ ಒಬ್ಬಳು ಅಡುಗೆಯವಳು ಇದ್ಲು. ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಮಾಡಿ ಹಾಕೋಳು. ಗಂಡ ಲಾರಿ ಹತ್ತಿ ಹೋದೋನು ಯುಗಾದಿಗೊಂದು ಸಲ, ಮಾರ್ನಮಿಗೊಂದು ಸಲ ಮುಖ ತೋರಿಸ್ತಿದ್ದ. ಮನೆ ನಡೀತಿದ್ದಿದ್ದು ಇವಳ ಸೌಟಿನಿಂದ. ಅವಳು ಸಾರಿಗೆ ಒಗ್ಗರಣೆ ಹಾಕಿದ್ರೆ ಬೀದಿ ಕೊನೆಯ ಮನೆಯೋರು ಮೂಗು ಅರಳಿಸೋರು. ಓದು ಮಾತ್ರ ಎರಡನೇ ಕ್ಲಾಸಿಗೇ ನಿಂತಿತ್ತು. ಯಾಕೆ ನಿಂತಿತ್ತು ಅನ್ನೋದು ಆಮೇಲೆ ಬರುತ್ತೆ.

ಅವಳ ಮಗಳೇ ಕೆಂಪಿ. ಅದೇ ಸ್ಕೂಲು, ನಾಲ್ಕನೇ ಕ್ಲಾಸು.

ಆ ಸ್ಕೂಲಿಗೆ ಒಬ್ಬ ಮೇಷ್ಟ್ರು ಬಂದ್ರು. ಕೆಟ್ಟೋರಲ್ಲ. ಇಸ್ತ್ರಿ ಅಂಗಿ, ಜೇಬಲ್ಲಿ ಎರಡು ಪೆನ್ನು. ಎಲ್ಲೋ ಟ್ರೈನಿಂಗಿಗೆ ಹೋಗಿಬಂದು, ಮಕ್ಕಳಿಗೆ ಕೋಡಿಂಗ್ ಕಲಿಸ್ತೀನಿ ಅಂತ ಹೊರಟ್ರು. ಸ್ಕೂಲಲ್ಲಿ ಇದ್ದಿದ್ದು ಎರಡು ಕಂಪ್ಯೂಟರು. ಒಂದಕ್ಕೆ ಜೀವ ಇರಲಿಲ್ಲ. ಇನ್ನೊಂದಕ್ಕೆ ಜೀವ ಇತ್ತು, ಕರೆಂಟ್ ಇರ್ತಿರಲಿಲ್ಲ. ಬೇರೆಯೋರಾಗಿದ್ರೆ ಅದಕ್ಕೆ ಬಟ್ಟೆ ಹೊದಿಸಿ, ಆಯುಧಪೂಜೆಗೆ ಕುಂಕುಮ ಇಟ್ಟು ಮುಗಿಸ್ತಿದ್ರು. ಈ ಮೇಷ್ಟ್ರು ಕೂತು ಯೋಚನೆ ಮಾಡಿದ್ರು. ಒಂದು ಆಟ ಕಟ್ಟಿದ್ರು.

ಪಡಸಾಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಗೆರೆ ಎಳೆದ್ರು. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ತಂದು ಒಂದು ಮಗುವಿನ ತಲೆಯಿಂದ ಸೊಂಟದ ತನಕ ಇಳಿಬಿಟ್ರು. ಕೈ ಆಚೆ ಬರೋಕೆ ಎರಡು ತೂತು. ಕಣ್ಣಿಗೆ ತೂತಿಲ್ಲ. ಅದು ಯಂತ್ರ. ಇನ್ನೊಂದು ಮಗು ಗೆರೆ ಹಿಂದೆ ನಿಂತ್ಕೊಬೇಕು, ಕೈ ಬೆನ್ನ ಹಿಂದೆ ಕಟ್ಕೊಂಡು. ಅದು ಹೇಳೋ ಮಗು. ಮುಟ್ಟೋ ಹಂಗಿಲ್ಲ, ಎಳೆಯೋ ಹಂಗಿಲ್ಲ, ಬರೀ ಬಾಯಲ್ಲಿ ಹೇಳ್ಬೇಕು. ಎರಡು ಹೆಜ್ಜೆ ಮುಂದೆ. ಎಡಕ್ಕೆ ತಿರುಗು. ಬಗ್ಗು. ಎತ್ತು. ಯಾವುದೋ ಒಂದು ಚೌಕದಲ್ಲಿ ಬದನೆಕಾಯಿ ಇಟ್ಟಿರ್ತಾರೆ, ಅಡುಗೆಯವಳ ಬುಟ್ಟಿಯಿಂದ ತಂದಿದ್ದು. ಅದನ್ನ ಯಂತ್ರದ ಕೈಲಿ ಎತ್ತಿಸಿ ಮೂಲೇಲಿರೋ ಬಕೆಟ್ಟಿಗೆ ಹಾಕಿಸ್ಬೇಕು.

ಯಂತ್ರ ಹೋಗಿ ಗೋಡೆಗೆ ಗುದ್ದಿತು ಅಂದ್ಕೊ. ಯಂತ್ರ ಔಟ್ ಆಗಲ್ಲ. ಹೇಳಿದ ಮಗು ಔಟ್. ಅದು ಮತ್ತೆ ಗೆರೆ ಹಿಂದಕ್ಕೆ ಹೋಗಿ ಮೊದಲಿಂದ ಹೇಳ್ಬೇಕು. ಮೇಷ್ಟ್ರು ಇದನ್ನ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದೂ ಬಿಟ್ರು: ಯಂತ್ರ ತಪ್ಪು ಮಾಡುವುದಿಲ್ಲ. ತಪ್ಪೆಲ್ಲ ಹೇಳುವವರದು.

ಮಕ್ಕಳಿಗೆ ಹಬ್ಬ. ಕಂಪ್ಯೂಟರ್ ಮುಟ್ಟದೇನೇ ಕೋಡಿಂಗ್ ಬಂತು.

ಕೆಂಪಿ ಮಾತ್ರ ನಿಧಾನ. ಎಡ ಯಾವುದು ಬಲ ಯಾವುದು ಅಂದ್ರೆ ಎರಡೂ ಕೈ ನೋಡ್ಕೊಂಡು ನಿಲ್ಲೋಳು. ಹೇಳೋ ಸರದಿ ಬಂದ್ರೆ ನಾಲಿಗೆ ಒಣಗೋದು. ಮೇಷ್ಟ್ರು ಮೂರು ದಿನ ನೋಡಿದ್ರು. “ನಿಂಗೆ ಹೇಳೋಕೆ ಬರಲ್ಲ, ನೀನು ಪೆಟ್ಟಿಗೇಲೇ ಇರು” ಅಂದ್ರು. ಅಲ್ಲಿಗೆ ಮಗೂಗೂ ಒಂದು ಕೆಲಸ ಆಯ್ತು, ಮೇಷ್ಟ್ರಿಗೂ ಒಂದು ತಲೆನೋವು ಕಮ್ಮಿ ಆಯ್ತು.

ಆಷಾಢದಲ್ಲಿ ಪೆಟ್ಟಿಗೆ ಹೊಕ್ಕ ಮಗು ಸಂಕ್ರಾಂತಿ ಕಳೆದ್ರೂ ಆಚೆ ಬರ್ಲಿಲ್ಲ. ಹದಿನೆಂಟು ಮಕ್ಕಳು ಸರದಿ ಮೇಲೆ ಹೇಳೋರು. ಇವಳು ಒಳಗೆ ಕತ್ತಲಲ್ಲಿ ಕೇಳೋಳು, ಹೇಳಿದಂಗೆ ನಡೆಯೋಳು. ಗೋಡೆಗೆ ಗುದ್ದೋಳು, ಬಕೆಟ್ ಎಡವೋಳು, ಮೊಣಕಾಲು ತರಚ್ಕೊಳ್ಳೋಳು. ಅಡುಗೆಯವಳು ಸೊಪ್ಪು ಬಿಡಿಸ್ತಾ ಅಡುಗೆಕೋಣೆ ಬಾಗಿಲಿಂದ ನೋಡೋಳು. ಎಲ್ಲರ ಮಕ್ಕಳೂ ಆಚೆ ನಿಂತು ಬಾಯಿ ಮಾಡ್ತವೆ, ನಂದು ಮಾತ್ರ ರಟ್ಟಿನೊಳಗೆ ಅಂತ ಹೊಟ್ಟೆ ಉರಿಯೋದು. ಮೇಷ್ಟ್ರನ್ನ ಕೇಳೋಕೆ ಬಾಯಿ ಬರ್ತಿರಲಿಲ್ಲ.

ಒಂದಿನ ಮಗಳನ್ನೇ ಕೇಳಿದ್ಲು. “ಅಲ್ಲ ಕಣ್ ಮಗ, ಅದರೊಳಗೆ ದಿನಾ ಏನ್ ಮಾಡ್ತೀಯ?”

“ಕೇಳಿಸ್ಕೊತೀನಿ.”

“ಏನ ಕೇಳಿಸ್ಕೊಳದು?”

“ಯಾರು ಹೆಂಗ್ ಹೇಳಿದ್ರೆ ಗೋಡೆ ಸಿಗುತ್ತೆ ಅಂತ.”

ತಾಯಿಗೆ ಅರ್ಥ ಆಗ್ಲಿಲ್ಲ. ಮೊಣಕಾಲಿಗೆ ಅರಿಶಿನ ಹಚ್ಚಿದ್ಲು.

ಶಿವರಾತ್ರಿ ಹತ್ರ ಬರೋ ಹೊತ್ತಿಗೆ ಮೇಲಿಂದ ಒಂದು ಆರ್ಡರ್ ಬಂತು. ಜೊತೆಗೊಂದು ಫೋನು. ಇನ್ಮೇಲೆ ದಿನಾ ಊಟ ಬಡಿಸೋ ಮುಂಚೆ ತಟ್ಟೆಯ ಫೋಟೋ ತೆಗೀಬೇಕು. ಎಷ್ಟು ಮಕ್ಕಳು ಅಂತ ಒತ್ತಬೇಕು. ಕಳಿಸಬೇಕು. ಅಡುಗೆಯವಳೇ ಕಳಿಸಬೇಕು, ಮೇಷ್ಟ್ರು ಕಳಿಸಿದ್ರೆ ನಡೆಯಲ್ಲ. ಮುಂದಿನ ಸೋಮವಾರ ಮೇಡಂ ಒಬ್ಬರು ಬರ್ತಾರೆ, ಅವರ ಎದುರಿಗೇ ಮಾಡಿ ತೋರಿಸಬೇಕು. ಬರದೇ ಇದ್ದೋರ ಜಾಗಕ್ಕೆ ಬರೋರನ್ನ ತಗೋತಾರೆ.

ಬರೋರು ಸೆರಗು ಕಟ್ಕೊಂಡು ರೆಡಿಯಾಗೇ ಇದ್ರು. ಬೇರೆ ಯಾರೂ ಅಲ್ಲ, ಅಡುಗೆಯವಳ ಓರಗಿತ್ತಿ. ಹತ್ತನೇ ಕ್ಲಾಸು ಪಾಸು. ಬೇಳೆ ಬೆಂದಿದೆಯೋ ಇಲ್ವೋ ಅಂತ ಪಕ್ಕದ ಮನೆಯೋರನ್ನ ಕರೆದು ಕೇಳೋಳು. ಆದ್ರೆ ಫೋನ್ ಮೇಲೆ ಅವಳ ಬೆರಳು ಬಾಣಲೇಲಿ ಸಾಸಿವೆ ಸಿಡಿದಂಗೆ ಓಡೋದು. ಆರ್ಡರ್ ಬಂದ ಸಂಜೇನೇ ಅಡುಗೆಕೋಣೆಗೆ ಬಂದು, ಕೊಳದಪ್ಪಲೆ ಎಷ್ಟಿದಾವೆ, ಮುಚ್ಚಳ ಎಲ್ಲ ಸರಿಯಿದಾವಾ ಅಂತ ಎತ್ತಿ ಎತ್ತಿ ನೋಡಿದ್ಲು.

“ಏನವ್ವ, ಪಾತ್ರೆ ಎಣಿಸ್ತಾ ಇದೀಯ?” ಅಂದ್ಲು ಅಡುಗೆಯವಳು.

“ಸುಮ್ನೆ ಬಂದೆ ಅಕ್ಕ. ನಿಮಗೂ ಸುಸ್ತಾಗಿರುತ್ತೆ ಪಾಪ.”

ಆ ‘ಪಾಪ’ ಅನ್ನೋ ಮಾತಿಗೆ ಅಡುಗೆಯವಳಿಗೆ ಅವತ್ತು ಅನ್ನ ಇಳೀಲಿಲ್ಲ.

ಮಾರನೇ ದಿನದಿಂದ ಮೇಷ್ಟ್ರು ಕಲಿಸೋಕೆ ನಿಂತ್ರು. ಅವರಿಗೂ ಇವಳೇ ಇರ್ಲಿ ಅಂತ ಆಸೆ. ಇವಳ ಸಾರು ತಿಂದ ನಾಲಿಗೆ ಅಲ್ವಾ. ದಿನಕ್ಕೆ ಎರಡು ಹೊತ್ತು ಬರೋರು. ಬಂದು ಫೋನ್ ತಗೊಳ್ಳೋರು. “ನೋಡಮ್ಮ, ಇದನ್ನ ಒತ್ತು. ಇದಾದ್ಮೇಲೆ ಇದು. ಇಲ್ಲಿ ನಂಬರು. ಇಲ್ಲಿ ಸಬ್ಮಿಟ್. ಅಷ್ಟೇ. ಆಯ್ತಾ?”

“ಆಯ್ತು ಸಾ.”

ಫೋನು ಮೇಷ್ಟ್ರ ಕೈಲಿ. ಬೆರಳು ಮೇಷ್ಟ್ರದು. ಆಗಿದ್ದೂ ಮೇಷ್ಟ್ರಿಗೇ. ಇವಳು ಬರೀ ಅವರ ಉಗುರು ಓಡಾಡೋದನ್ನ ನೋಡಿದ್ಲು. ಆಮೇಲೆ ಫೋನ್ ಇವಳ ಕೈಗೆ ಬರೋದು. ಇವಳು ಹೆಬ್ಬೆಟ್ಟು ಇಟ್ಟು ಒತ್ತೋಳು, ರೊಟ್ಟಿ ತಟ್ಟೋ ಹಂಗೆ. ಫೋನು ಕೇಳ್ತಿರಲಿಲ್ಲ. ಇನ್ನೂ ಒತ್ತೋಳು. ಅದು ಇನ್ನೆಲ್ಲಿಗೋ ಹಾರೋದು. ಒಂದು ಸಲ ತಟ್ಟೆ ಬದ್ಲು ಅವಳದೇ ಮುಖ ಬಂತು, ಬೆಚ್ಚಿ ಫೋನ್ ಕೈಬಿಟ್ಲು. ಅಕ್ಕಿ ಮೂಟೆ ಮೇಲೆ ಬಿತ್ತು, ಬದುಕ್ತು. ಮೇಷ್ಟ್ರು ಮತ್ತೆ ಫೋನ್ ಕಸ್ಕೊಂಡು ಅದೇ ಮಾತು: “ಇದನ್ನ ಒತ್ತು. ಇದಾದ್ಮೇಲೆ ಇದು.” ಇವಳಿಗೆ ಕೇಳ್ತಿಲ್ವೇನೋ ಅನ್ನೋ ಹಂಗೆ ಸ್ವಲ್ಪ ಜೋರಾಗಿ. ಮಾರನೇ ದಿನ ಇನ್ನೂ ಜೋರಾಗಿ.

ಶುಕ್ರವಾರ ಬಂತು. ಮಕ್ಕಳೆಲ್ಲ ಆಟದ ಬಯಲಿಗೆ ಓಡಿದ್ರು. ಅಡುಗೆಕೋಣೆ ಮುಂದಿನ ಪಡಸಾಲೇಲಿ ಪೆಟ್ಟಿಗೆ ಮಾತ್ರ ಉಳ್ಕೊಂಡಿತ್ತು. ಮೇಷ್ಟ್ರು ಹೇಳಿದ್ರು, ಇವಳು ಒತ್ತಿದ್ಲು, ಎಲ್ಲ ಅಳಿಸಿಹೋಯ್ತು.

ಮೇಷ್ಟ್ರು ಹಣೆ ಚಚ್ಕೊಂಡ್ರು. “ನೂರು ಸಲ ಹೇಳಿದೀನಲ್ಲಮ್ಮ! ನೂರು ಸಲ! ಸೌಟು ಹಿಡಿದ ಕೈಗೆ ಇದು ಹತ್ತಲ್ಲ ಬಿಡಿ. ತಾಯಿ ಹೆಂಗೋ ಮಗಳೂ ಹಂಗೇ.”

ಅಡುಗೆಯವಳು ತಲೆ ಬಗ್ಗಿಸಿದ್ಲು. ಅವಳು ಸ್ಕೂಲು ಬಿಟ್ಟಿದ್ದೂ ಇದೇ ಮಾತಿಗೆ. ಎರಡನೇ ಕ್ಲಾಸಲ್ಲಿ ಇನ್ನೊಬ್ಬ ಮೇಷ್ಟ್ರು, ಇದೇ ನೂರು ಸಲ. ಅವತ್ತು ಸ್ಲೇಟು ಕಂಕುಳಲ್ಲಿಟ್ಕೊಂಡು ಮನೆಗೆ ಬಂದೋಳು ವಾಪಸ್ ಹೋಗಿರಲಿಲ್ಲ.

ಆಗ ಪಡಸಾಲೆಯಿಂದ ಒಂದು ದನಿ ಬಂತು. ಪೆಟ್ಟಿಗೆ ಒಳಗಿಂದ.

“ಸಾ, ನೀವು ಔಟು.”

ಕತೆ ಕೇಳ್ತಿದ್ದ ಹೇಮಾವತಿ ಬಾಯಿ ಹಾಕಿದ್ಲು. “ಮೇಷ್ಟ್ರಿಗೇ ಅಂದ್ಲಾ ಅತ್ತೆ?”

“ಮೇಷ್ಟ್ರಿಗೇ. ನೀನು ಆ ಹುಕ್ಕಿನ ಪೊಟ್ಟಣ ಈ ಕಡೆ ಕೊಡು, ಬಾಯಿ ಆ ಕಡೆ ಇಟ್ಕೊ.”

ಮೇಷ್ಟ್ರು ತಿರುಗಿ ನೋಡಿದ್ರು. “ಏನಂದೆ?”

“ಯಂತ್ರ ತಪ್ಪು ಮಾಡಲ್ಲ ಸಾ. ನೀವೇ ಗೋಡೆ ಮೇಲೆ ಬರ್ದಿದೀರ. ಅವ್ವ ಯಂತ್ರ. ಹೇಳಿದ್ದು ನೀವು. ನೀವು ಔಟು, ಗೆರೆ ಹಿಂದಕ್ಕೆ ಹೋಗ್ಬೇಕು.”

ಅಡುಗೆಯವಳು ಪೆಟ್ಟಿಗೆ ಕಡೆ ಕೈ ಬೀಸಿದ್ಲು. “ಬಾಯಿ ಮುಚ್ಚೇ ಮುಂಡೇದೆ! ಬುದ್ಧಿ, ಅದಕ್ಕೆ ತಿಳಿಯಲ್ಲ, ತಪ್ಪಾಯ್ತು” ಅಂತ ಕೈ ಮುಗಿದ್ಲು. ಮೇಷ್ಟ್ರ ಮುಖ ಬೀಟ್‌ರೂಟ್ ಆಗಿತ್ತು. ಫೋನನ್ನ ಒರಳುಕಲ್ಲಿನ ಮೇಲಿಟ್ರು. “ಹಂಗಾದ್ರೆ ನೀನೇ ಹೇಳ್ಕೊಡಮ್ಮ, ದೊಡ್ಡ ಪಂಡಿತೆ” ಅಂದು ಹೊರಟುಹೋದ್ರು.

ಹಿಂದಿಲ್ಲ ಮುಂದಿಲ್ಲ, ಉಳಿದಿದ್ದು ಎರಡು ದಿನ. ಅಡುಗೆಯವಳಿಗೆ ಮಗಳಿಗೆ ನಾಲ್ಕು ಬಾರಿಸೋಣ ಅನ್ನಿಸ್ತು. ಕೈ ಎತ್ತೂ ಎತ್ತಿದ್ಲು. ಹೊಡೆಯೋಕೆ ಹೋದ್ರೆ ಕೈಗೆ ಸಿಗೋದು ರಟ್ಟು. ಕೈ ಇಳಿಸಿದ್ಲು.

ಶನಿವಾರ ಬೆಳಗಿನ ಸ್ಕೂಲು ಮುಗೀತು. ಪಾತ್ರೆ ತೊಳೆದು ಬೋರಲು ಹಾಕಿದ್ದಾಯ್ತು. ಹಿಂದಿನ ರಾತ್ರಿ ಫೋನನ್ನ ತಾನೇ ಒತ್ತಿ ಒತ್ತಿ ನೋಡಿಟ್ಟಿದ್ದ ಕೆಂಪಿ, ಪೆಟ್ಟಿಗೆ ತೆಗೆದಿಟ್ಟು ಅಡುಗೆಕೋಣೆಗೆ ಬಂದ್ಲು. ಜಡೆಯ ಕೆಂಪು ಟೇಪು ಬಿಚ್ಚಿ ತಾಯಿ ಕೈಗೆ ಕೊಟ್ಲು. ಬೆನ್ನು ತಿರುಗಿಸಿ ಎರಡೂ ಕೈ ಹಿಂದಕ್ಕೆ ಹಿಡಿದ್ಲು.

“ಕಟ್ಟವ್ವ.”

“ಯಾಕೆ?”

“ನಿನ್ ಕೈಯಿಂದ ಫೋನ್ ಕಸ್ಕೊಬಾರದು, ಅದಕ್ಕೆ.”

ತಾಯಿ ಕಟ್ಟಿದ್ಲು. ಕೆಂಪಿ ಹೊಸ್ತಿಲ ಹತ್ರ ಹೋಗಿ, ಇದು ಗೆರೆ ಅಂತ ನಿಂತ್ಲು. ಮೊದಲನೇ ಮಾತು ಹೇಳಿದ್ಲು.

“ಕೈ ಒರೆಸ್ಕೊ.”

ಅಡುಗೆಯವಳು ಕೈ ನೋಡ್ಕೊಂಡ್ಲು. ಒದ್ದೆ. ಇಷ್ಟು ದಿನವೂ ಒದ್ದೆ ಬೆರಳಲ್ಲೇ ಒತ್ತಿದ್ದು. ಫೋನು ಅದಕ್ಕೇ ಕೇಳ್ತಿರಲಿಲ್ಲ. ಮೇಷ್ಟ್ರು ಇದನ್ನ ಒಂದಿನವೂ ಹೇಳಿರಲಿಲ್ಲ. ಅವರ ಕೈ ಯಾವಾಗ್ಲೂ ಒಣಗೇ ಇರುತ್ತೆ, ಅವರಿಗೆ ಹೆಂಗೆ ಹೊಳೀಬೇಕು?

“ಹೆಬ್ಬೆಟ್ಟು ಬೇಡ. ಕುಂಕುಮ ಇಡೋ ಬೆರಳು. ಹಣೆಗೆ ಬೊಟ್ಟು ಇಟ್ಟಂಗೆ ಇಟ್ಟು ತೆಗಿ. ಒತ್ತಿ ಹಿಡೀಬೇಡ.”

ಇಟ್ಟು ತೆಗೆದ್ಲು. ಫೋನು ಕೇಳ್ತು.

ಕೆಂಪಿಗೆ ಎಡ ಬಲ ಅನ್ನೋಕೆ ಬರಲ್ಲ ಅಂದೆನಲ್ಲ. ತಾಯಿ ಬಾಗಿಲಿಗೆ ಮುಖ ಮಾಡಿ ನಿಂತಿದ್ಲು. ಒಂದು ಮಗ್ಗುಲಿಗೆ ಒಲೆ, ಒಂದು ಮಗ್ಗುಲಿಗೆ ನೀರಿನ ಹಂಡೆ. ಕೆಂಪಿ ಹಂಗೇ ಹೇಳಿದ್ಲು. “ಕೆಳಗೆ ಒಲೆ ಕಡೆ ಕೊತ್ತಂಬರಿ ಬಣ್ಣದ ಚೌಕ ಐತಲ್ಲ, ಅದು.” ಇಟ್ಲು, ತೆಗೆದ್ಲು. ಚೌಕ ತೆರ್ಕೊಂಡಿತು. “ಈಗ ಫೋನ್ ತಟ್ಟೆ ಮೇಲೆ ಹಿಡಿ.” ಹಿಡಿದ್ಲು. ಅವಳದೇ ಮುಖ ಬಂತು. ಮತ್ತೆ ಬೆಚ್ಚಿದ್ಲು.

“ನಾನು ಔಟು” ಅಂದ್ಲು ಕೆಂಪಿ. ಬಾಗಿಲ ಆಚೆ ಹೋಗಿ, ತಿರುಗಿ ಹೊಸ್ತಿಲಿಗೆ ಬಂದು ನಿಂತ್ಲು. “ಫೋನಿಗೆ ಎರಡು ಕಣ್ಣು ಅಂತ ಹೇಳ್ಬೇಕಿತ್ತು. ಒಂದು ನಿನ್ನ ನೋಡುತ್ತೆ, ಒಂದು ತಟ್ಟೆ ನೋಡುತ್ತೆ. ಹಂಡೆ ಕಡೆ ಮೂಲೇಲಿ ಸುತ್ತೋ ಬಾಣದ ಗುರುತು ಐತೆ. ಬೊಟ್ಟಿಡು, ಕಣ್ಣು ಬದಲಾಗುತ್ತೆ. ಮೊದಲಿಂದ ಮಾಡವ್ವ.”

ಅವತ್ತು ಕೆಂಪಿ ಹನ್ನೊಂದು ಸಲ ಔಟಾದ್ಲು. ಒಂದು ಸಲ ಅಂಕಿ ಒತ್ತೋ ಜಾಗ ತೋರಿಸೋಕೆ ಮಾತು ಸಿಗದೆ ನಿಂತಲ್ಲೇ ಕುಣಿದ್ಲು, ಕೈ ಬೇರೆ ಕಟ್ಟಿತ್ತು. ಅಡುಗೆಯವಳಿಗೆ ನಗು ಬಂತು. ತಪ್ಪು ಒತ್ತಿದ್ದು ತಾನು, ಬಾಗಿಲಾಚೆ ಹೋಗೋದು ಮಗಳು. ಇಂಥ ಪಾಠ ಅವಳು ಹುಟ್ಟಿದಾಗಿಂದ ಕಂಡಿರಲಿಲ್ಲ. ಹನ್ನೊಂದನೇ ಸಲಕ್ಕೆ ಅವಳಿಗೇ ಮಗಳು ಪಾಪ ಅನ್ನಿಸ್ತು. “ನಿಲ್ಲೇ, ಹೋಗ್ಬೇಡ, ಇದು ನಂದೇ ತಪ್ಪು” ಅಂದ್ಲು.

“ಆಗಲ್ಲ. ನಿಂದು ಅಂದ್ರೆ ಆಟ ಕೆಡುತ್ತೆ” ಅಂದು ಕೆಂಪಿ ಹೋಗಿಬಂದ್ಲು.

ಭಾನುವಾರ ಸಂಜೆ ಹೊತ್ತಿಗೆ ಅಡುಗೆಯವಳು ಅದೇ ಅಡುಗೆಕೋಣೇಲಿ ಒಂದು ಸಲವೂ ನಿಲ್ಲಿಸದೆ ಕೊನೇ ತನಕ ಹೋದ್ಲು. ಮಗಳ ಕೈ ಬಿಚ್ಚಿ ಜಡೆ ಹಾಕಿದ್ಲು.

ಸೋಮವಾರ ಮೇಡಂ ಬಂದ್ರು. ಅಡುಗೆಕೋಣೆ ಹೊಗೆ ಆಗಲ್ಲ ಅಂತ ಆಫೀಸ್ ರೂಮಲ್ಲಿ ಕೂತ್ರು. ತಟ್ಟೆ ಅಲ್ಲಿಗೇ ಹೋಯ್ತು. ಅನ್ನ, ಸಾರು, ಹುರುಳಿಕಾಯಿ ಪಲ್ಯ. ಓರಗಿತ್ತಿ ಮುಡಿ ತುಂಬ ಕನಕಾಂಬರ ಮುಡ್ಕೊಂಡು ಕಿಟಕಿ ಆಚೆ ನಿಂತಿದ್ಲು, ದಾರೀಲಿ ಹೋಗ್ತಿದ್ದೋಳು ನೆರಳಿಗೆ ನಿಂತಂಗೆ. ಮೇಷ್ಟ್ರು ಬಾಗಿಲ ಹತ್ರ. ಮಕ್ಕಳು ಪಡಸಾಲೇಲಿ ಯಂತ್ರದ ಆಟ ಆಡ್ತಿದ್ವು. ಕೆಂಪಿ ಪೆಟ್ಟಿಗೇಲಿ.

“ಮಾಡಿ ತೋರಿಸಮ್ಮ” ಅಂದ್ರು ಮೇಡಂ.

ಅಡುಗೆಯವಳು ಕೈ ಒರೆಸ್ಕೊಂಡ್ಲು. ಫೋನ್ ಹಿಡಿದ್ಲು. ಕುಂಕುಮದ ಬೆರಳು ಮೇಲೆತ್ತಿದ್ಲು. ಬೆರಳು ಅಲ್ಲೇ ನಿಂತಿತು.

ಒಲೆ ಎಲ್ಲಿ? ಹಂಡೆ ಎಲ್ಲಿ? ಒಂದು ಕಡೆ ಬೀರು, ಒಂದು ಕಡೆ ಭೂಪಟ. ಕೆಂಪಿ ಹೇಳಿದ್ದೆಲ್ಲ ನೆನಪಿದೆ, ಆದ್ರೆ ಅದು ಅಡುಗೆಕೋಣೆ ಮಾತು. ಇಲ್ಲಿ ಒಲೆ ಕಡೆ ಅಂದ್ರೆ ಯಾವ ಕಡೆ? ಕಿಟಕೀಲಿ ಕನಕಾಂಬರ ಒಂದು ಹೆಜ್ಜೆ ಒಳಕ್ಕೆ ಬಗ್ಗಿತು. ಮೇಷ್ಟ್ರು ತಡೆಯಲಾರದೆ ಬಾಯಿ ತೆರೆದ್ರು, “ಇದನ್ನ ಒತ್ತಮ್ಮ, ಇದಾದ್ಮೇಲೆ…” ಮೇಡಂ ಕೈ ಅಡ್ಡ ಹಿಡಿದ್ರು. “ಅವರೇ ಮಾಡ್ಲಿ.”

ಅಡುಗೆಯವಳು ಕಣ್ಣು ಮುಚ್ಚಿದ್ಲು. ಔಟಾದ್ರೆ ಗೆರೆ ಹಿಂದಕ್ಕೆ ಹೋಗೋದು, ಮೊದಲಿಂದ ಶುರು ಮಾಡೋದು. ಎಲ್ಲಿಂದ ಮೊದಲು? ನಿಂತಿದ್ದ ರೀತಿಯಿಂದ. ಅಡುಗೆಕೋಣೇಲಿ ಬಾಗಿಲಿಗೆ ಮುಖ ಮಾಡಿ ನಿಂತಿದ್ದೆ. ಆ ಬಾಗಿಲ ಎದುರಿಗೆ ಹುಣಸೆಮರ. ಹುಣಸೆಮರ ಇಲ್ಲಿಂದ ಯಾವ ಕಡೆಗಿದೆ? ಬೆನ್ನ ಹಿಂದೆ.

ಅಡುಗೆಯವಳು ಗಕ್ಕನೆ ತಿರುಗಿ, ಮೇಡಂಗೆ ಬೆನ್ನು ಹಾಕಿ ನಿಂತ್ಲು.

“ಏನಮ್ಮ ಇದು, ನಂಗೆ ಬೆನ್ನು ತೋರಿಸ್ತೀಯ?”

“ತಪ್ಪು ತಿಳೀಬೇಡಿ ತಾಯಿ. ಹಿಂಗ್ ನಿಂತ್ರೆ ನಮ್ಮ ಒಲೆ ಈ ಕಡೆಗೆ ಬರುತ್ತೆ.”

ಮೇಡಂಗೆ ಏನೂ ತಿಳೀಲಿಲ್ಲ. ಅಡುಗೆಯವಳು ಬೊಟ್ಟಿಟ್ಲು. ಒಲೆ ಕಡೆ ಹಸಿರು ಚೌಕ ತೆರ್ಕೊಂಡಿತು. ಹಂಡೆ ಕಡೆ ಬಾಣ ಮುಟ್ಟಿ ಕಣ್ಣು ಬದಲಾಯಿಸಿದ್ಲು. ಕತ್ತು ತಿರುಗಿಸಿ, ಸೊಂಟ ತಿರುಚಿ ತಟ್ಟೆಯ ಫೋಟೋ ತೆಗೆದ್ಲು. ಮತ್ತೆ ಹುಣಸೆಮರದ ಕಡೆ ಮುಖ. ಅರವತ್ತಮೂರು ಮಕ್ಕಳು. ಆರು, ಮೂರು. ಕಳಿಸು.

ಮೇಡಂ ಮೇಜಿನ ಮೇಲಿದ್ದ ಅವರ ಫೋನು ಟಿಣ್ ಅಂತು. ನೋಡಿದ್ರು. ಅನ್ನ, ಸಾರು, ಪಲ್ಯ, ಅರವತ್ತಮೂರು. ಎಲ್ಲ ಬಂದು ಕೂತಿತ್ತು.

ಕಿಟಕಿಯ ಕನಕಾಂಬರಕ್ಕೆ ತಟ್ಟನೆ ಮನೆ ಕೆಲಸ ನೆನಪಾಯ್ತು.

“ಯಾರು ಹೇಳ್ಕೊಟ್ಟಿದ್ದು ನಿಮಗೆ?” ಅಂದ್ರು ಮೇಡಂ. ಮೇಷ್ಟ್ರು ಅಂಗಿ ಕಾಲರ್ ಸರಿ ಮಾಡ್ಕೊಂಡ್ರು.

ಅಡುಗೆಯವಳು ಬಾಗಿಲಾಚೆ ಕೈ ತೋರಿಸಿದ್ಲು. ಪಡಸಾಲೇಲಿ ರಟ್ಟಿನ ಪೆಟ್ಟಿಗೆಯೊಂದು ನಡ್ಕೊಂಡು ಹೋಗಿ ಗೋಡೆಗೆ ಗುದ್ದಿತು. “ನನ್ ಮಗಳು ತಾಯಿ. ಅದರೊಳಗವಳೆ.”

ಮೇಡಂ ಪೆಟ್ಟಿಗೆ ನೋಡಿದ್ರು, ಏನೋ ಬರ್ಕೊಂಡ್ರು, ಪಲ್ಯ ಇನ್ನೊಂದು ಸ್ವಲ್ಪ ಹಾಕಿಸ್ಕೊಂಡು ತಿಂದು ಹೋದ್ರು. ಮೇಷ್ಟ್ರು ಮಾತ್ರ ಪೆಟ್ಟಿಗೆ ನೋಡ್ತಾ ಬಹಳ ಹೊತ್ತು ನಿಂತಿದ್ರು. ಅದರ ಮೇಲಿನ ಗೋಡೇಲಿ ಅವರದೇ ದಪ್ಪ ಅಕ್ಷರ.

ಮಾರನೇ ದಿನ ಅಡುಗೆಯವಳು ಸೊಪ್ಪು ಬಿಡಿಸ್ತಾ ಬಾಗಿಲಿಂದ ನೋಡಿದ್ಲು. ಪೆಟ್ಟಿಗೆ ಎಂದಿನ ಹಂಗೆ ಸೊಂಟದ ತನಕ ಇಳಿದಿರಲಿಲ್ಲ, ಎದೆಗೇ ಸಿಕ್ಕಿಹಾಕ್ಕೊಂಡಿತ್ತು. ಕೆಳಗೆ ಇಸ್ತ್ರಿ ಪ್ಯಾಂಟು. ಗೆರೆ ಹಿಂದೆ ಕೆಂಪಿ, ಕೈ ಬೆನ್ನ ಹಿಂದೆ.

“ಹೇಳಮ್ಮ” ಅಂತು ಪೆಟ್ಟಿಗೆ.

ಕೆಂಪಿ ಅವರ ಕಾಲು ನೋಡಿದ್ಲು. “ಸಾ, ಮೊದಲು ಚಪ್ಪಲಿ ಬಿಡಿ. ನೆಲ ನುಣ್ಣಗೈತೆ, ಜಾರುತ್ತೆ.”

ಮೇಷ್ಟ್ರು ಎರಡು ಸಲ ಗೋಡೆಗೆ ಗುದ್ದಿದ್ರು. ಎರಡು ಸಲವೂ ಕೆಂಪಿ ಔಟಾದ್ಲು, ಹಿಂದಕ್ಕೆ ಹೋಗಿ ಬೇರೆ ಮಾತು ಹುಡುಕಿ ತಂದ್ಲು. ಮೂರನೇ ಸಲ ಬದನೆಕಾಯಿ ಬಕೆಟ್ಟಿಗೆ ಬಿತ್ತು.

ದೇವೀರಮ್ಮ ಕತೆ ನಿಲ್ಲಿಸಿ ಕೊನೇ ಹುಕ್ಕಿಗೆ ಗಂಟು ಹಾಕಿದ್ಲು. ಹೇಮಾವತಿ ರವಿಕೆಗೆ ಕೈ ಚಾಚಿದ್ಲು.

“ಕತೆ ಚೆನ್ನಾಗಿದೆ ಅತ್ತೆ. ಹಂಗಾದ್ರೆ ನಾನೂ ಒಂದು ಪೆಟ್ಟಿಗೆ ತರಿಸ್ಲಾ? ಇನ್ನೇನು ಮಾಡ್ಲಿ ಹೇಳಿ, ನೂರು ಸಲ ಹೇಳಿದ್ದಂತೂ ಆಯ್ತು.”

ದೇವೀರಮ್ಮ ದಾರ ಹಲ್ಲಲ್ಲಿ ಕಡಿದು ರವಿಕೆ ಅವಳ ಮಡಿಲಿಗೆ ಹಾಕಿದ್ಲು. “ಎಷ್ಟು ಸಲ ಹೇಳಿದೆ ಅಂತ ಲೆಕ್ಕ ಇಟ್ಟಿದೀಯ ಮಗ. ಎಷ್ಟು ಥರ ಹೇಳಿದೆ ಅಂತ ಇಟ್ಟಿದೀಯಾ?”

ಹೇಮಾವತಿ ಎಣಿಸೋಕೆ ಅಂತ ಬೆರಳು ಮಡಚಿದ್ಲು, ಒಂದನೇ ಬೆರಳಿಗೇ ನಿಂತ್ಲು.